ಅರ್ಧ ಗೊತ್ತಿದ್ದ ಪುಟ್ಟಲಕ್ಷ್ಮಿ

ಪಾಠ ಮುಗಿಸಿ, ಬೆರಳಿಗೆ ಮೆತ್ತಿದ ಸೀಮೆಸುಣ್ಣವನ್ನು ಕೊಡವಿಕೊಂಡು, ಸಿಸ್ಟರ್ ಸೆವರಿನ್ ನಮ್ಮತ್ತ ತಿರುಗಿ ‘ಅರ್ಥ ಆಯಿತಾ ಮಕ್ಕಳೇ?’ ಎಂದು ಕೇಳಿದಾಗ ಐವತ್ತೇಳು ಮಕ್ಕಳು ಒಕ್ಕೊರಲಿನಿಂದ ‘ಯೆಸ್ ಸಿಸ್ಟರ್’ ಎಂದು ಹಾಡುತ್ತಿದ್ದೆವು. ಆ ರಾಗ ಪೂರ್ತಿ ಅಡಗುವ ಮೊದಲೇ ಮೂರನೆಯ ಬೆಂಚಿನ ಕಿಟಕಿಯ ಪಕ್ಕದಿಂದ ಐವತ್ತೆಂಟನೆಯ ದನಿಯೊಂದು, ಅವಸರವಿಲ್ಲದೆ, ಸಂಕೋಚವೂ ಇಲ್ಲದೆ, ‘ಇಲ್ಲ ಸಿಸ್ಟರ್’ ಎನ್ನುತ್ತಿತ್ತು. ಪುಟ್ಟಲಕ್ಷ್ಮಿಯನ್ನು ನೆನೆದಾಗಲೆಲ್ಲ ಮುಖಕ್ಕಿಂತ ಮೊದಲು ನನಗೆ ಬರುವುದು ಈ ಎರಡು ಮಾತು. ಅದರಲ್ಲಿ ಉದ್ಧಟತನವಾಗಲಿ ದೈನ್ಯವಾಗಲಿ ಇರಲಿಲ್ಲ. ಅಂಗಡಿಯವನು ಸಕ್ಕರೆ ಮುಗಿದಿದೆ ಎಂದು ಹೇಳುವಷ್ಟೇ ಸಹಜವಾಗಿ, ತನ್ನ ತಲೆಯಲ್ಲಿ ಅರ್ಥ ಇಲ್ಲವೆಂದು ಅವಳು ತಿಳಿಸುತ್ತಿದ್ದಳು. ಅವಳ ಪಕ್ಕದಲ್ಲೇ ಕೂರುತ್ತಿದ್ದ ನಾನು, ಸುತರಾಂ ಏನೂ ಅರ್ಥವಾಗದ ದಿನವೂ, ಎಲ್ಲರಿಗಿಂತ ಒಂದು ಸ್ವರ ಮೇಲೆಯೇ ‘ಯೆಸ್ ಸಿಸ್ಟರ್’ ಹಾಡುವವಳು.

ಇದು ಎಪ್ಪತ್ತನಾಲ್ಕು ಎಪ್ಪತ್ತೈದರ ಮಾತು. ರಾಜಾಜಿನಗರದ ನಮ್ಮ ಕಾನ್ವೆಂಟು ಸಂತ ಅಪೊಲೋನಿಯಮ್ಮನವರ ಹೆಸರಿನದು. ಹಲ್ಲುನೋವಿನಿಂದ ನರಳುವವರ ಪಾಲಿಗೆ ಆಕೆ ದೊಡ್ಡ ಆಸರೆಯಂತೆ. ಹಲ್ಲುನೋವೆಂದು ರಜೆ ಕೇಳಿದವರನ್ನು ನಮ್ಮ ಮದರ್, ಅಂದರೆ ಮುಖ್ಯೋಪಾಧ್ಯಾಯಿನಿ, ಮನೆಗೆ ಕಳಿಸುವ ಬದಲು ಪ್ರಾರ್ಥನಾಮಂದಿರಕ್ಕೆ ಕಳಿಸುತ್ತಿದ್ದುದರಿಂದ ನಾವು ಹೊಟ್ಟೆನೋವನ್ನೇ ಅವಲಂಬಿಸಿದ್ದೆವು. ಗುಮಾಸ್ತರ ಮಕ್ಕಳು, ಕಾರ್ಖಾನೆಯವರ ಮಕ್ಕಳು, ಮೇಷ್ಟ್ರುಗಳ ಮಕ್ಕಳು ತುಂಬಿದ್ದ ಆ ಕನ್ನಡ ಮಾಧ್ಯಮದ ನಾಲ್ಕನೆಯ ತರಗತಿಗೆ ಪುಟ್ಟಲಕ್ಷ್ಮಿ ಮಾಗಡಿ ರಸ್ತೆಯಾಚೆಯ ಹೆಗ್ಗನಹಳ್ಳಿಯಿಂದ ನಡೆದುಕೊಂಡು ಬರುತ್ತಿದ್ದಳು.

ಅವಳ ನಡಿಗೆಯೇ ಒಂದು ತೆರ. ಕತ್ತು ಒಂದಿಷ್ಟೂ ಅಲುಗುತ್ತಿರಲಿಲ್ಲ, ಕೈಗಳು ಬೀಸುತ್ತಿರಲಿಲ್ಲ. ರಜಾದಿನಗಳಲ್ಲಿ ಅಪ್ಪನ ಕೆಲಸದ ಜಾಗದಲ್ಲಿ ತಲೆಯ ಮೇಲೆ ಗಾರೆಯ ಬಾಂಡಲಿ ಹೊತ್ತು ರೂಢಿಯಾಗಿದ್ದ ಆ ನಿಲುವು, ಬಾಂಡಲಿ ಇಳಿದ ಮೇಲೂ ಹಾಗೇ ಉಳಿದಿತ್ತು. ಕಪ್ಪು ಹಲಗೆಗೆ ಕರೆದರೆ ಇಡೀ ತರಗತಿ ಕಾಯುವಷ್ಟು ಹೊತ್ತು ತೆಗೆದುಕೊಂಡು ಅವಳು ಅಲ್ಲಿಗೆ ತಲುಪುತ್ತಿದ್ದಳು. ಮೇಲೆ, ಜೂನ್‌ನಿಂದ ಮಾರ್ಚ್‌ವರೆಗೆ ಬಿಡದೆ ತೊಡುತ್ತಿದ್ದ ಒಂದು ಬೂದುಬಣ್ಣದ ಉಣ್ಣೆಯ ಕೋಟು. ಪರದೇಶದಿಂದ ಹಾಲಿನ ಪುಡಿಯ ಜೊತೆ ಬಂದ ಹಳೆಬಟ್ಟೆಯ ಪೆಟ್ಟಿಗೆಯಿಂದ ಸಿಸ್ಟರುಗಳು ಆರಿಸಿಕೊಟ್ಟದ್ದು. ಅಲ್ಲೆಲ್ಲೋ ಹಿಮದಲ್ಲಿ ಆಡಿದ ಯಾವುದೋ ಹುಡುಗಿಯದಿದ್ದೀತು. ರೊಟ್ಟಿಯಗಲದ ಗುಂಡಿಗಳು, ಆಳವಾದ ಜೇಬುಗಳು. ಏಪ್ರಿಲ್ ಹತ್ತಿರವಾಗುತ್ತಾ ಬಿಸಿಲೇರಿದಾಗ ನಾವು ‘ತೆಗಿಯೇ, ನೋಡೋಕೇ ಸೆಕೆ ಆಗುತ್ತೆ’ ಎಂದರೆ, ‘ಜೇಬೈತೆ’ ಎನ್ನುತ್ತಿದ್ದಳು. ಅದರಲ್ಲಿ ಬಳಪದ ಚೂರು, ಇಟ್ಟಿಗೆಯ ಚೂರು, ಹುಣಿಸೆಬೀಜ, ಇವೇ ಆಸ್ತಿ.

ಅಪ್ಪ ಅಂಜಿನಯ್ಯ ಗಾರೆ ಕೆಲಸದವನು. ಕಾನ್ವೆಂಟಿನ ಕಾಂಪೌಂಡು ಗೋಡೆ ಎತ್ತಿದವನು ಅವನೇ, ಅದರ ಉಪಕಾರಕ್ಕೆ ಮದರ್ ಅವನ ಮಗಳಿಗೆ ಸೀಟು ಕೊಟ್ಟಿದ್ದರು. ಅಕ್ಷರ ಕಲಿಯದ ಅಂಜಿನಯ್ಯನಿಗೆ ಸಂಜೆ ಮನೆಗೆ ಬಂದು ಕಾಲು ತೊಳೆದ ಕೂಡಲೇ ಮಗಳನ್ನು ಕೂರಿಸಿಕೊಂಡು ‘ಇವತ್ತೇನ್ ಕಲಿತೆ, ಹೇಳು’ ಎಂದು ಕೇಳುವ ಚಟ. ಅವಳು ಹೇಳಿದ್ದನ್ನು ಅವನು ಸುಮ್ಮನೆ ಕೇಳಿಸಿಕೊಳ್ಳುತ್ತಿರಲಿಲ್ಲ, ಗೋಡೆಗೆ ಬಡಿದು ನೋಡುವಂತೆ ಅಲ್ಲಲ್ಲಿ ಬಡಿದು ಯಾಕೆ, ಹೆಂಗೆ ಎನ್ನುತ್ತಿದ್ದ. ಅಪ್ಪನೆದುರು ನಿಲ್ಲದ ಪಾಠ ಪುಟ್ಟಲಕ್ಷ್ಮಿಯ ಪಾಲಿಗೆ ಕಲಿತ ಪಾಠವಲ್ಲ. ಇಷ್ಟೇ ಆಗಿದ್ದರೆ ನಗೆಯ ಸಂಗತಿ. ಆದರೆ ಹಿಂದಿನ ವರ್ಷ ಅವಳು ನಾಲ್ಕನೆಯ ತರಗತಿಯಲ್ಲಿ ಫೇಲಾಗಿದ್ದಳು, ಮತ್ತು ಫೇಲಾದದ್ದು ಗೊತ್ತಿಲ್ಲದೆ ಅಲ್ಲ. ಪುಸ್ತಕದ ಉತ್ತರಗಳೆಲ್ಲ ಕಂಠಪಾಠವಿದ್ದೂ, ಅರ್ಥವಾಗದ ಪ್ರಶ್ನೆಗಳ ಮುಂದೆ ಜಾಗ ಖಾಲಿ ಬಿಟ್ಟು ಬಂದಿದ್ದಳು. ನಾನೊಮ್ಮೆ ತಡೆಯಲಾರದೆ ಕೇಳಿದ್ದೆ, ‘ಬರುತ್ತೆ ಅಂದ್ಮೇಲೆ ಬರೀಬಾರ್ದೇನೇ?’

‘ಬಾಯಿಗ್ ಬತ್ತದೆ ಕಣೇ. ಗೊತ್ತಾಗಿಲ್ಲ’ ಎಂದಳು.

ನಮ್ಮ ಶಾಲೆಯಲ್ಲಿ ಒಂದೇ ತರಗತಿಯಲ್ಲಿ ಎರಡು ಸಲ ಫೇಲಾದವರಿಗೆ ಟಿ.ಸಿ. ಕೊಟ್ಟು ಕಳಿಸುವ ನಿಯಮವಿತ್ತು. ಅವಳಿಗೆ ಟಿ.ಸಿ. ಎಂದರೆ ಬೇರೆ ಶಾಲೆ ಎಂದಲ್ಲ, ಗಾರೆಯ ಬಾಂಡಲಿ ಎಂದೇ ಅರ್ಥ. ಮನೆಯಲ್ಲಿ ಅದು ಆಗಲೇ ಮಾತಾಗಿತ್ತು. ಹೀಗೆ ಆ ವರ್ಷ ಅವಳು ಆಡುತ್ತಿದ್ದ ಪ್ರತಿಯೊಂದು ‘ಇಲ್ಲ ಸಿಸ್ಟರ್’ ಕೂಡ ಅವಳನ್ನು ಗೇಟಿನ ಕಡೆಗೆ ಒಂದೊಂದು ಹೆಜ್ಜೆ ನೂಕುತ್ತಿತ್ತು, ಮತ್ತು ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಸಿಸ್ಟರ್ ಸೆವರಿನ್ ಮಂಗಳೂರು ಕಡೆಯವರು. ಕುಳ್ಳಗೆ, ಬೇಗ ಸಿಟ್ಟಾಗುವ, ಸಿಟ್ಟಾದಷ್ಟೇ ಬೇಗ ನಗುವ ಹೆಂಗಸು. ಪುಟ್ಟಲಕ್ಷ್ಮಿ ಎದ್ದು ನಿಂತಾಗ ‘ಎಂತ ಅರ್ಥ ಆಗ್ಲಿಲ್ಲ ಮಾರಾಯ್ತಿ ನಿಂಗೆ?’ ಎಂದು ಗದರಿ, ಗದರುತ್ತಲೇ ಹಲಗೆ ಒರೆಸಿ, ಮೊದಲಿನಿಂದ ಹೇಳತೊಡಗುತ್ತಿದ್ದರು. ಒಮ್ಮೆ ಕ್ರೈಸ್ತ ಮಕ್ಕಳು ಧರ್ಮೋಪದೇಶಕ್ಕೆ ಹೋಗಿ ಉಳಿದವರು ನೀತಿಪಾಠಕ್ಕೆ ಕುಳಿತಿದ್ದಾಗ, ಬೆಳಗಿನ ಪ್ರಾರ್ಥನೆಯಲ್ಲಿ ಬರುವ ‘ಕೃಪೆ’ ಎಂದರೇನು ಎಂದು ಪುಟ್ಟಲಕ್ಷ್ಮಿ ಕೇಳಿದಳು. ಅರ್ಥವಾಗದ ಸಾಲು ಬಂದಾಗ ಅವಳು ಪ್ರಾರ್ಥನೆಯಲ್ಲೂ ಬಾಯಿ ಮುಚ್ಚಿಕೊಂಡು, ಅರ್ಥವಾಗುವ ಸಾಲಿನಲ್ಲಿ ಮತ್ತೆ ಸೇರಿಕೊಳ್ಳುತ್ತಿದ್ದುದು ಪಕ್ಕದಲ್ಲಿ ನಿಲ್ಲುವ ನನಗಷ್ಟೇ ಗೊತ್ತಿತ್ತು. ಸಿಸ್ಟರ್ ಮಳೆಯ ಉದಾಹರಣೆ ಕೊಟ್ಟರು, ತಾಯಿಯ ಉದಾಹರಣೆ ಕೊಟ್ಟರು, ಕ್ಷಮಿಸಿದ ರಾಜನ ಕಥೆ ಹೇಳಿದರು. ಮೂರು ಸಲವೂ ‘ಇಲ್ಲ ಸಿಸ್ಟರ್.’ ಕೊನೆಗೆ ಕುರ್ಚಿಯಲ್ಲಿ ಕುಳಿತು, ಮುಸುಕಿನ ಅಂಚಿನಿಂದ ಹಣೆ ಒರೆಸಿಕೊಂಡು, ‘ನನಗೂ ಪೂರಾ ಆಗ್ಲಿಲ್ಲ. ಕೂತ್ಕೋ’ ಎಂದರು. ಮೇಷ್ಟ್ರುಗಳೂ ಹಾಗನ್ನಬಹುದೆಂದು ಅಂದು ನಮಗೆ ಮೊದಲು ತಿಳಿಯಿತು.

ಫೆಬ್ರವರಿಯಲ್ಲಿ ಇನ್‌ಸ್ಪೆಕ್ಟರು ಬರುತ್ತಾರೆಂದು ಸುದ್ದಿ ಬಂತು. ಆ ಕಾಲದ ಶಾಲೆಗಳಲ್ಲಿ ಇನ್‌ಸ್ಪೆಕ್ಟರ ಭೇಟಿಗೆ ಮನೆಗೆ ಬೀಗರು ಬರುವಷ್ಟೇ ತಯಾರಿ: ಗೋಡೆಗೆ ಸುಣ್ಣ, ಮಕ್ಕಳ ಉಗುರು ಪರೀಕ್ಷೆ, ಮತ್ತು ಕೈ ಎತ್ತುವ ಅಭ್ಯಾಸ. ಈ ಕೊನೆಯದು ಮದರ್ ಅವರ ಆಜ್ಞೆ. ಇನ್‌ಸ್ಪೆಕ್ಟರು ಪ್ರಶ್ನೆ ಕೇಳಿದಾಗ ಎಲ್ಲರೂ ಕೈ ಎತ್ತಲೇಬೇಕು. ಉತ್ತರ ಗೊತ್ತಿದ್ದವರು ಬಲಗೈ, ಗೊತ್ತಿಲ್ಲದವರು ಎಡಗೈ. ಟೀಚರು ಬಲಗೈಯವರನ್ನೇ ನೋಡಿ ಎಬ್ಬಿಸುತ್ತಾರೆ. ಸಿಸ್ಟರ್ ಸೆವರಿನ್ ಈ ವಿದ್ಯೆಯನ್ನು ನಮಗೆ ಕಲಿಸುವಾಗ ಕಿಟಕಿಯ ಹೊರಗೆ ನೋಡುತ್ತಿದ್ದರು. ನಮಗೋ ಭಾರಿ ಖುಷಿ. ಎರಡು ಸಲ ಅಭ್ಯಾಸ ಮಾಡಿಸಿ, ರೂಢಿಯ ಬಲದಿಂದ ‘ಅರ್ಥ ಆಯಿತಾ?’ ಎಂದುಬಿಟ್ಟರು. ಪುಟ್ಟಲಕ್ಷ್ಮಿ ಎದ್ದಳು.

‘ಅರ್ಧ ಗೊತ್ತಿದ್ರೆ ಯಾವ ಕೈ ಸಿಸ್ಟರ್?’

ತರಗತಿ ಗೊಳ್ಳೆಂದು ನಕ್ಕಿತು. ಸಿಸ್ಟರ್ ಮಾತ್ರ ನಗಲಿಲ್ಲ. ಅಷ್ಟರಲ್ಲಿ ಗಂಟೆ ಹೊಡೆಯಿತು.

ಇನ್‌ಸ್ಪೆಕ್ಟರ್ ಏಕಾಂತಯ್ಯನವರು ಪೇಟ, ಕತ್ತು ಮುಚ್ಚುವ ಕೋಟು, ವಿಭೂತಿಯ ಶಾಂತವಾದ ಮನುಷ್ಯರು. ಮದರ್ ಅವರನ್ನು ಹಿಂದಿಟ್ಟುಕೊಂಡು ನಮ್ಮ ತರಗತಿಗೆ ಬಂದು, ‘ಹಗಲು ರಾತ್ರಿ ಹೇಗಾಗುತ್ತೆ, ಯಾರು ಹೇಳ್ತೀರಿ?’ ಎಂದು ಕೇಳಿದರು. ಐವತ್ತೇಳು ಕೈಗಳು ಏಕಕಾಲಕ್ಕೆ ಮೇಲೆದ್ದವು, ನನ್ನದು ಎಡಗೈ. ಪುಟ್ಟಲಕ್ಷ್ಮಿ ಒಂದು ಗಳಿಗೆ ಯೋಚಿಸಿ, ಕೋಟಿನ ತೋಳುಗಳನ್ನು ಮೇಲಕ್ಕೆ ಸರಿಸಿಕೊಂಡು, ಎರಡೂ ಕೈಗಳನ್ನು ಎತ್ತಿದಳು.

ಇನ್‌ಸ್ಪೆಕ್ಟರ ಕಣ್ಣು ನೇರ ಅಲ್ಲಿಗೇ ಹೋಯಿತು. ‘ಏನಮ್ಮ, ಎರಡೂ ಕೈ ಎತ್ತಿದ್ದೀಯ?’

‘ಅರ್ಧ ಗೊತ್ತೈತೆ ಸಾರ್. ಗೊತ್ತಿದ್ರೆ ಬಲಗೈ, ಗೊತ್ತಿಲ್ದಿದ್ರೆ ಎಡಗೈ.’

ಅದನ್ನು ಕೇಳಿದ್ದೇ ನನ್ನ ಎಡಗೈ ತಾನೇ ತಾನಾಗಿ ಕೆಳಗಿಳಿದು ಬಲಗೈ ಮೇಲೇರಿದ್ದು ನನಗಿನ್ನೂ ನೆನಪಿದೆ. ಸುತ್ತಲೂ ಅದೇ ವಿನಿಮಯ ನಡೆದಿತ್ತು. ಏಕಾಂತಯ್ಯನವರು ಎಲ್ಲವನ್ನೂ ನೋಡಿದರು. ಆಮೇಲೆ, ಸಿಟ್ಟಿಲ್ಲದೆ, ‘ಯಾವ ಅರ್ಧ ಗೊತ್ತಿಲ್ಲ?’ ಎಂದು ಕೇಳಿದರು.

‘ಭೂಮಿ ತಿರುಗ್ತದೆ ಅಂತ ಬಾಯಿಗ್ ಬತ್ತದೆ. ತಿರುಗಿದ್ರೆ ನಮ್ಮಪ್ಪನ ಗುಂಡು ಯಾಕೆ ನೆಟ್ಟಗೆ ನಿಲ್ತದೆ?’

ಗೋಡೆ ಓರೆಯಾಗಿದೆಯೇ ಎಂದು ನೋಡಲು ಗಾರೆಯವರು ದಾರದ ತುದಿಗೆ ಕಟ್ಟಿ ಇಳಿಬಿಡುವ ಕಬ್ಬಿಣದ ಗುಂಡು ಅದು. ‘ಭೂಮಿ ತಿರುಗೋ ಹಂಗಿದ್ರೆ ಇದು ಗಡಿಯಾರದ ಥರ ಆಡ್ಬೇಕಿತ್ತಲ್ಲ ಮಗಾ’ ಎಂದು ಅಂಜಿನಯ್ಯ ಹಿಂದಿನ ವರ್ಷವೇ ಈ ಪಾಠವನ್ನು ಕೆಡವಿಹಾಕಿದ್ದನಂತೆ. ಏಕಾಂತಯ್ಯನವರು ಪೇಟ ಸರಿಪಡಿಸಿಕೊಂಡರು. ‘ಒಳ್ಳೇ ಪ್ರಶ್ನೆ, ಕೂತ್ಕೊ’ ಎಂದು ಹೇಳಿ ಮುಂದಿನ ತರಗತಿಗೆ ನಡೆದರು. ಒಳ್ಳೆಯ ಪ್ರಶ್ನೆ ಎಂದವರು ಭೇಟಿಯ ಪುಸ್ತಕದಲ್ಲಿ ಬರೆದದ್ದು ಬೇರೆ: ಮಕ್ಕಳಿಗೆ ಕೈ ಎತ್ತುವುದರಲ್ಲಿ ಕಪಟ ಕಲಿಸಲಾಗಿದೆ, ಸಮಜಾಯಿಷಿ ಸಲ್ಲಿಸತಕ್ಕದ್ದು.

ಮರುದಿನ ಅಂಜಿನಯ್ಯನಿಗೆ ಕರೆ ಹೋಯಿತು. ಹಾಜರಿ ಪುಸ್ತಕ ಕೊಡಲು ಹೋಗಿದ್ದ ನಾನು ಆಫೀಸಿನ ಬಾಗಿಲಲ್ಲೇ ನಿಂತು ಎಲ್ಲವನ್ನೂ ಕೇಳಿದೆ. ಕಾಲಿಗೆ ಸುಣ್ಣ ಮೆತ್ತಿಕೊಂಡಿದ್ದರಿಂದ ಅವನು ಒಳಗೆ ಹೆಜ್ಜೆಯಿಡದೆ ಹೊಸ್ತಿಲಾಚೆಯೇ ನಿಂತಿದ್ದ, ಪಕ್ಕದಲ್ಲಿ ಮಗಳು. ಮದರ್ ಕೂಗಾಡಲಿಲ್ಲ. ಈ ಸಲ ಪಾಸಾದರೆ ಇರಲಿ, ಇಲ್ಲವಾದರೆ ಏಪ್ರಿಲ್ ಹತ್ತರಂದೇ ಟಿ.ಸಿ., ಒಂದು ದಿನವೂ ಹೆಚ್ಚಿಗೆ ಇಲ್ಲ ಎಂದರು. ಅಂಜಿನಯ್ಯ ಅಂಗಳಕ್ಕಿಳಿದು, ತಾನೇ ಎತ್ತಿದ ಕಾಂಪೌಂಡು ಗೋಡೆಯ ಹತ್ತಿರ ನಿಂತು, ಮಗಳ ತಲೆಯ ಮೇಲೆ ಕೈಯಿಟ್ಟ.

‘ಬರ್ದ್ಬುಡು ಕಣವ್ವ. ಬಾಯಿಗ್ ಬಂದಿದ್ದೆಲ್ಲಾ ಬರ್ದ್ಬುಡು. ಎಲ್ಲಾರೂ ಬರೀತಾರೆ, ನಿಂದೇನ್ ಹೆಚ್ಚು?’

‘ನೀನೇ ಒಪ್ಪಲ್ವಲ್ಲಪ್ಪ?’

‘ನಾನ್ ಒಪ್ಪಿದೀನಿ ಬಿಡು. ತಿರುಗ್ತದೆ ಭೂಮಿ. ತಿರುಗ್ಲಿ.’

ಅವರ ಹಿಂದೆಯೇ ಬಂದಿದ್ದ ಹತ್ತು ವರ್ಷದ ನನಗೂ ಆ ಮಾತು ಕೇಳಲು ಕಷ್ಟವಾಯಿತು. ಇಟ್ಟಿಗೆ ಕೂದಲೆಳೆಯಷ್ಟು ಸರಿದರೂ ಕಿತ್ತು ಮತ್ತೆ ಕೂರಿಸುವ ಮನುಷ್ಯ, ಮಗಳಿಗಾಗಿ ಹಾಗೆ ಸೋತು ಮಾತಾಡುತ್ತಿದ್ದ. 

ಮಾರ್ಚಿ ಕೊನೆಯಲ್ಲಿ ಪರೀಕ್ಷೆ ನಡೆಯಿತು. ನಾಲ್ಕನೆಯ ತರಗತಿಯಿಂದ ನಾವು ಶಾಯಿ ಪೆನ್ನಿಗೆ ಬಡ್ತಿ ಪಡೆದಿದ್ದೆವು. ಪೆನ್ಸಿಲು ಚಿತ್ರ ಬರೆಯಲಿಕ್ಕಷ್ಟೇ. ವಿಜ್ಞಾನದ ಪರೀಕ್ಷೆಯ ದಿನ ಪುಟ್ಟಲಕ್ಷ್ಮಿ ಒಂದು ಪುಟವನ್ನೂ ಖಾಲಿ ಬಿಡದೆ ಬರೆಯುತ್ತಿರುವುದನ್ನು ಕಂಡು, ಅಪ್ಪನ ಮಾತು ಕೇಳಿದಳಲ್ಲ ಎಂದು ಸಮಾಧಾನಪಟ್ಟುಕೊಂಡೆ. ಜೊತೆಗೆ, ಯಾಕೋ, ಸ್ವಲ್ಪ ಬೇಜಾರೂ ಆಯಿತು. ಅವಳು ಆಗಾಗ ಪೆನ್ನು ಕೆಳಗಿಟ್ಟು ಪೆನ್ಸಿಲು ಎತ್ತಿಕೊಳ್ಳುತ್ತಿದ್ದುದನ್ನು ಗಮನಿಸಿದ್ದರೂ ಚಿತ್ರವಿರಬೇಕೆಂದುಕೊಂಡೆ. ಚಿತ್ರವಲ್ಲ. ಗೊತ್ತಾದ ಉತ್ತರಗಳನ್ನು ಶಾಯಿಯಲ್ಲಿ, ಬಾಯಿಗೆ ಬಂದ ಉತ್ತರಗಳನ್ನು ಪೆನ್ಸಿಲಿನಲ್ಲಿ ಬರೆದಿದ್ದಳು. ಅಪ್ಪನ ಮಾತನ್ನೂ ಮೀರಲಿಲ್ಲ, ತನ್ನದನ್ನೂ ಬಿಡಲಿಲ್ಲ.

ಶಾಯಿಯ ಉತ್ತರಗಳಿಗೆ ಬಂದದ್ದು ಇಪ್ಪತ್ತೊಂಬತ್ತು. ಪಾಸಾಗಲು ಮೂವತ್ತೈದು ಬೇಕು. ಉಳಿದ ವಿಷಯಗಳಲ್ಲಿ ಹೇಗೋ ದಾಟಿದ್ದಳು. ಪೆನ್ಸಿಲಿನದನ್ನು ಎಣಿಸುವಂತಿಲ್ಲ ಎಂದರು ಮದರ್. ಏಪ್ರಿಲ್ ಹತ್ತರೊಳಗೆ ಪೆನ್ಸಿಲಿನ ಮೇಲೆ ಶಾಯಿ ಬಂದರೆ ಎಣಿಸಬಹುದಾ ಎಂದು ಸಿಸ್ಟರ್ ಸೆವರಿನ್ ಕೇಳಿದರಂತೆ. ಮದರ್, ಪಾಸಾದವರ ಪಟ್ಟಿ ಹತ್ತನೆಯ ತಾರೀಖು ಬೆಳಿಗ್ಗೆ ಮೇಜಿನ ಮೇಲಿರಲಿ ಎಂದಷ್ಟೇ ಹೇಳಿದರಂತೆ. ಪರೀಕ್ಷೆಯ ಕಾಯಿದೆಯ ಪ್ರಕಾರ ಇದು ದೊಡ್ಡ ತಪ್ಪೇ ಇರಬೇಕು. ಐವತ್ತು ವರ್ಷವಾದ ಮೇಲೆ ಹೇಳುತ್ತಿರುವುದರಿಂದ ಯಾರಿಗೂ ತೊಂದರೆಯಿಲ್ಲವೆಂದುಕೊಂಡಿದ್ದೇನೆ.

ಆ ವಾರ ಮಧ್ಯಾಹ್ನಗಳಲ್ಲಿ ಕಾನ್ವೆಂಟಿನ ಜಗಲಿಯ ಮೇಲೆ ಆ ಉತ್ತರಪತ್ರಿಕೆ ಹರಡಿಕೊಂಡು ಟೀಚರು, ಶಿಷ್ಯೆ ಇಬ್ಬರೂ ಕೂರುತ್ತಿದ್ದರು. ಪಕ್ಕದ ಬೀದಿಯವಳಾದ ನಾನು, ರಜೆಯಲ್ಲಿ ಬೇರೆ ಕಸುಬಿಲ್ಲದೆ, ಹೋಗಿ ನೋಡುತ್ತಿದ್ದೆ. ಸಿಸ್ಟರ್ ಒಂದೊಂದೇ ಪೆನ್ಸಿಲ್ ಉತ್ತರವನ್ನು ಬಿಡಿಸಿ ಹೇಳುವರು. ಗೊತ್ತಾದರೆ ಪುಟ್ಟಲಕ್ಷ್ಮಿ ಪೆನ್ನು ತೆಗೆದು, ಪೆನ್ಸಿಲಿನ ಅಕ್ಷರಗಳ ಮೇಲೆಯೇ, ಒಂದು ಕೊಂಬೂ ತಪ್ಪದಂತೆ ಶಾಯಿ ತೀಡುವಳು. ಬೇರುಗಳು ಯಾಕೆ ಕೆಳಗೇ ಇಳಿಯುತ್ತವೆ ಎಂಬುದಕ್ಕೆ ಹುರುಳಿಕಾಳು ಮೊಳಕೆ ಬರಿಸಬೇಕಾಯಿತು. ಉಪ್ಪು ನೀರಿನಲ್ಲಿ ಎಲ್ಲಿ ಹೋಗುತ್ತದೆ ಎಂಬುದಕ್ಕೆ ಕಾನ್ವೆಂಟಿನ ಅಡುಗೆಮನೆಯ ಅರ್ಧ ಸೇರು ಉಪ್ಪು ಖರ್ಚಾಯಿತು. ಎಂಟನೆಯ ತಾರೀಖಿನ ಸಂಜೆಗೆ ಮೂವತ್ತಮೂರು. ಉಳಿದವುಗಳಲ್ಲಿ ಕೈಗೆಟುಕುವಂತಿದ್ದದ್ದು ಒಂದೇ, ಐದು ಅಂಕದ ಹಗಲು ರಾತ್ರಿ.

ಒಂಬತ್ತರ ಬೆಳಿಗ್ಗೆ ಸಿಸ್ಟರ್ ಅವಳಿಗೆ ಅಪ್ಪನ ಗುಂಡನ್ನು ತರಹೇಳಿದ್ದರು. ಕನ್ಯಾಸ್ತ್ರೀಯರು ಒಬ್ಬರೇ ಹೊರಗೆ ಹೋಗುವ ಪದ್ಧತಿಯಿರಲಿಲ್ಲವಾದ್ದರಿಂದ ಲೆಕ್ಕಕ್ಕೆ ಜೊತೆಗಾತಿಯಾಗಿ ನಾನೂ ಹೊರಟೆ. ಕಾರ್ಡ್ ರೋಡಿನಲ್ಲಿ ವಿಜಯನಗರದ ಕಡೆ ಹೋಗುವ ಕೆಂಪು ಬಿ.ಟಿ.ಎಸ್. ಬಸ್ಸು ಹತ್ತಿ, ಸಿಸ್ಟರ್ ತಲೆಯ ಮೇಲಿನ ಕಂಬಿಗೆ ದಾರ ಕಟ್ಟಿ ಗುಂಡನ್ನು ಇಳಿಬಿಟ್ಟರು. ಕಂಡಕ್ಟರು ಚೀಟಿ ಹರಿಯುವುದನ್ನು ನಿಲ್ಲಿಸಿ ನೋಡಿದ.

‘ಬಸ್ಸಿಗೆ ನಿಂಬೆಹಣ್ಣು ಕಟ್ಟೋದು ನಮ್ ಡ್ರೈವರ್ ಕೆಲ್ಸ. ನೀವ್ಯಾಕ್ ಕಷ್ಟಪಡ್ತೀರಾ ಸಿಸ್ಟರ್?’

‘ಇದು ವಿಜ್ಞಾನ ಮಾರಾಯ. ನೀನು ಟಿಕೆಟ್ ಕೊಡು’ ಎಂದರು ಸಿಸ್ಟರ್.

ಬಸ್ಸು ಹೊರಟಾಗ ಗುಂಡು ಹಿಂದಕ್ಕೆ ವಾಲಿತು, ನಿಲ್ದಾಣ ಬಂದಾಗ ಮುಂದಕ್ಕೆ ಹಾರಿ ಮುಂದಿನ ಸೀಟಿನವರ ಟೋಪಿಗೆ ತಗುಲಿತು. ಆದರೆ ರಸ್ತೆ ಸಪಾಟಾಗಿದ್ದ ಕಡೆ, ಡ್ರೈವರು ಒಂದೇ ವೇಗದಲ್ಲಿ ಹೊಡೆಯುತ್ತಿದ್ದಾಗ, ಹೊರಗೆ ಮರಗಳೂ ಮನೆಗಳೂ ಓಡುತ್ತಿರುವಾಗಲೇ, ಅದು ನೆಟ್ಟಗೆ ತೂಗಿತು. ‘ನಾವು ಓಡ್ತಾ ಇದ್ದೇವಲ್ಲ? ಗುಂಡು ನಿಂತುಂಟಲ್ಲ? ಅರ್ಥ ಆಯಿತಾ?’ ಎಂದರು ಸಿಸ್ಟರ್.

‘ಇಲ್ಲ ಸಿಸ್ಟರ್. ನಿಂತಾಗ ಆಡ್ತದಲ್ಲ?’

ವಿಜಯನಗರದಲ್ಲಿಳಿದು ವಾಪಸು ಬಸ್ಸು ಹತ್ತಿದೆವು. ರಾಜಾಜಿನಗರದಲ್ಲಿಳಿದು ಮತ್ತೆ ವಿಜಯನಗರಕ್ಕೆ ಹೋದೆವು. ಬಿಸಿಲಿಗೆ ಸಿಸ್ಟರ ಮುಖ ಕೆಂಪಾಗಿತ್ತು. ನನಗೆ ಹಸಿವು, ಕೋಪ ಎರಡೂ. ಹುಂ ಅಂದುಬಿಡಬಾರದೇ ಈ ಹುಡುಗಿ, ಯಾರ ಗಂಟು ಹೋಗುತ್ತೆ ಎಂದು ಮನಸ್ಸಿನಲ್ಲೇ ಬೈದೆ. ಪುಟ್ಟಲಕ್ಷ್ಮಿ ಮಾತ್ರ ಕೋಟಿನ ಜೇಬುಗಳಲ್ಲಿ ಕೈಯಿಟ್ಟು ಗುಂಡಿನಿಂದ ಕಣ್ಣು ಕೀಳದೆ ನಿಂತಿದ್ದಳು. ನಾಲ್ಕನೆಯ ಬಸ್ಸಿನಲ್ಲಿ, ಸುಮಾರು ಅರ್ಧ ದಾರಿಯಲ್ಲಿ, ನಿಧಾನವಾಗಿ ಬಾಯಿಬಿಟ್ಟಳು.

‘ಅಂದ್ರೆ, ಭೂಮಿಗೆ ಬ್ರೇಕ್ ಇಲ್ಲ.’

ಸಿಸ್ಟರ್ ಕಂಬಿಯಿಂದ ದಾರ ಬಿಚ್ಚತೊಡಗಿದರು. ‘ಇಲ್ಲ. ದೇವರು ಇಟ್ಟಿಲ್ಲ’ ಎಂದರು.

ಆ ಸಂಜೆ ಜಗಲಿಯ ಮೇಲೆ ಅವಳು ಹಗಲು ರಾತ್ರಿಯ ಉತ್ತರಕ್ಕೆ ಶಾಯಿ ತೀಡಿದಳು. ಮೂವತ್ತೆಂಟು. ಮಿಕ್ಕ ನಾಲ್ಕು ಉತ್ತರಗಳು ಪೆನ್ಸಿಲಿನಲ್ಲೇ ಉಳಿದವು. ಮರುದಿನ ಪಟ್ಟಿ ಓದಿದಾಗ ಅಂಜಿನಯ್ಯ ಮೈದಾನದ ಅಂಚಿನಲ್ಲಿ ನಿಂತಿದ್ದ. ಮಗಳ ಹೆಸರು ಬಂದದ್ದೇ ಟವೆಲ್ಲಿನಿಂದ ಮುಖ ಒತ್ತಿಕೊಂಡ. ಆಮೇಲೆ ಅವಳು ಕೈಯಾಡಿಸುತ್ತಾ ಬಸ್ಸು, ಬ್ರೇಕು, ಭೂಮಿ ಎಂದು ಏನೇನೋ ವಿವರಿಸುತ್ತಿದ್ದುದನ್ನೂ, ಅವನು ಎಲ್ಲ ಕೇಳಿ ಗಡ್ಡ ತುರಿಸಿಕೊಂಡು ‘ಇರ್ಬೌದು’ ಎಂದದ್ದನ್ನೂ ನಾನು ಕೇಳಿದೆ.

ಪುಟ್ಟಲಕ್ಷ್ಮಿ ಏಳನೆಯ ತರಗತಿಯವರೆಗೆ ನಮ್ಮ ಶಾಲೆಯಲ್ಲೇ ಓದಿದಳು. ಮುಂದೆ ನಮ್ಮ ದಾರಿಗಳು ಬೇರೆಯಾದವು. ಅವಳು ಏನಾದಳೆಂದು ನನಗೆ ಗೊತ್ತಿಲ್ಲ. ಮೊದಲ ರ‍್ಯಾಂಕು ಅವಳಿಗೆ ಯಾವತ್ತೂ ಬರಲಿಲ್ಲ. ಬರುವುದೂ ಸಾಧ್ಯವಿರಲಿಲ್ಲ, ಅದು ನನ್ನಂಥವರಿಗೆ ಮೀಸಲು.

ತರಗತಿಗೊಬ್ಬರಂತೆ ಇಂಥವರು ಎಲ್ಲ ಕಾಲದಲ್ಲೂ ಇರುತ್ತಾರೆ, ಕಚೇರಿಗಳಲ್ಲಿ, ಸಭೆಗಳಲ್ಲಿ, ಮನೆಗಳಲ್ಲೂ ಇರುತ್ತಾರೆ. ಎಲ್ಲರೂ ತಲೆಯಾಡಿಸಿ ಎದ್ದು ಹೊರಟಾಗ ಅವರೊಬ್ಬರು ಕುಳಿತೇ ಇದ್ದು ನಮಗೆ ತಡ ಮಾಡಿಸುತ್ತಾರೆ. ಮಂದಬುದ್ಧಿಯೆಂದೋ ಹಟಮಾರಿಯೆಂದೋ ಅವರಿಗೆ ಹೆಸರಿಟ್ಟು ನಾವು ಗಡಿಯಾರ ನೋಡಿಕೊಳ್ಳುತ್ತೇವೆ. ಅವರಿಂದ ತಮಗೇನು ಸಿಕ್ಕಿತೆಂದು ಯಾರೂ ಹೇಳುವುದಿಲ್ಲ, ಆದ್ದರಿಂದ ನಾನು ಹೇಳಬೇಕು. ಸಿಸ್ಟರ್ ಸೆವರಿನ್ ಮೊದಲನೆಯ ಸಲ ಹೇಳಿದ ಯಾವ ಪಾಠವೂ ನನಗೆ ಅರ್ಥವಾಗುತ್ತಿರಲಿಲ್ಲ. ಆ ವರ್ಷ ನಾನು ಕಲಿತದ್ದೆಲ್ಲ ಪುಟ್ಟಲಕ್ಷ್ಮಿಗಾಗಿ ಅವರು ಎರಡನೆಯ ಸಲ ಹೇಳುವಾಗ, ಅವಳ ಪಕ್ಕದಲ್ಲಿ, ನನಗೆ ಆಗಲೇ ಗೊತ್ತಿದೆ ಎಂಬ ಮುಖ ಮಾಡಿಕೊಂಡು ಕೇಳಿಸಿಕೊಂಡದ್ದು.